ಕಂಕುಳಲ್ಲಿ ಕೂಸು, ಫಾರಂನಲ್ಲಿ ಸೊನ್ನೆ

ಮಕ್ಕಳ ಬಗ್ಗೆ, ಹರೆಯದವರ ಬಗ್ಗೆ, ಸಂಸಾರದ ಬಗ್ಗೆ 'ಸಂಶೋಧನೆ ಹೀಗೆ ಹೇಳುತ್ತೆ' ಅಂತ ದಿನಾ ಏನಾದರೊಂದು ಓದ್ತಾ ಇರ್ತೀವಿ. ಅದರಲ್ಲಿ ಯಾವುದನ್ನು ಎಷ್ಟು ನಂಬಬೇಕು ಅಂತ ಅನುಮಾನ ಇದ್ದರೆ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ನೀವೂ ಬಿಡಲಿಲ್ಲ, ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೊಫೆಸರ್ ಅಲ್ಲ. 28 ವರ್ಷ ಸರ್ವೆ ಫಾರಂ ಹಿಡಿದು ಮನೆಮನೆ ಬಾಗಿಲು ತಟ್ಟಿದವಳು. ಸಂಶೋಧನೆಯ ಲೇಖನಗಳಲ್ಲಿ 'ಮಾಹಿತಿ ಸಂಗ್ರಹಿಸಲಾಯಿತು' ಅಂತ ಒಂದು ಸಾಲು ಬರುತ್ತಲ್ಲ, ಆ ಸಂಗ್ರಹಿಸಿದವರ ಪೈಕಿ ನಾನೂ ಒಬ್ಬಳು.

ಪ್ರಶ್ನೆ: ನಾಲ್ಕು ವರ್ಷದ ಮಗನ ಮುಂದೆ ಒಂದು ಚಾಕೊಲೇಟ್ ಇಟ್ಟು, 'ನಾನು ಬರೋ ತನಕ ತಿನ್ನದೆ ಇದ್ದರೆ ಎರಡು ಕೊಡ್ತೀನಿ' ಅಂತ ಹೇಳಿ ಎದ್ದು ಹೋದೆ. ಮೊಬೈಲ್‌ನಲ್ಲಿ ವಿಡಿಯೊ ಆನ್ ಮಾಡಿಟ್ಟಿದ್ದೆ. ನಾನು ಬಾಗಿಲು ದಾಟುವುದರೊಳಗೆ ಬಾಯಿಗೆ ಹಾಕಿಕೊಂಡಿದ್ದ. ಕಾಯುವ ಮಕ್ಕಳೇ ಮುಂದೆ ಗೆಲ್ಲುತ್ತಾರೆ ಅಂತ ಓದಿದ್ದೇನೆ. ಇವನ ಗತಿ ಏನು? (ನಿದ್ದೆಗೆಟ್ಟ ತಾಯಿ)

ವಿಡಿಯೊ ಅಳಿಸಬೇಡಿ, ಅವನು ದೊಡ್ಡವನಾದ ಮೇಲೆ ತೋರಿಸಿ ನಗಬಹುದು. ಅದಕ್ಕಿಂತ ಜಾಸ್ತಿ ಬೆಲೆ ಅದಕ್ಕಿಲ್ಲ.

ನೀವು ಮಾಡಿದ್ದು 'ಮಾರ್ಷ್‌ಮ್ಯಾಲೊ ಪರೀಕ್ಷೆ'. (ಮಾರ್ಷ್‌ಮ್ಯಾಲೊ ಅಂದರೆ ಮೆತ್ತಗಿನ ಒಂದು ಸಿಹಿ.) ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಲ್ಲಿ ಇದನ್ನು ಶುರು ಮಾಡಿದರು. ಜಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರ. ಯಾವ ಮಗು ಮುಂದೆ ಉದ್ಧಾರ ಆಗುತ್ತೆ ಅಂತ ಕಂಡುಹಿಡಿಯಲು ಅವರು ಹೊರಟಿರಲಿಲ್ಲ. ಕಾಯುವಾಗ ಮಕ್ಕಳು ಏನೇನು ಉಪಾಯ ಮಾಡುತ್ತಾರೆ ಅಂತ ನೋಡುತ್ತಿದ್ದರು. ಒಬ್ಬರು ಕಣ್ಣು ಮುಚ್ಚಿಕೊಂಡರೆ ಇನ್ನೊಬ್ಬರು ಹಾಡು ಹೇಳಿಕೊಳ್ಳುತ್ತಿದ್ದರು. ಅಂದ ಹಾಗೆ, ಅಲ್ಲಿ ಮಗುವಿನ ಕೈಗೆ ಸಿಗುವಂತೆ ಒಂದು ಬೆಲ್ ಇಡುತ್ತಿದ್ದರು. ಬೆಲ್ ಹೊಡೆದರೆ ದೊಡ್ಡವರು ಖಂಡಿತ ವಾಪಸ್ ಬರುತ್ತಾರೆ ಅಂತ ಮೊದಲೇ ಆಟದ ಹಾಗೆ ಮಾಡಿ ತೋರಿಸುತ್ತಿದ್ದರು. ನೀವು ಬೆಲ್ ಕೊಟ್ಟಿದ್ರಾ?

ಆ ಮಕ್ಕಳು ದೊಡ್ಡವರಾದ ಮೇಲೆ ಮಿಶೆಲ್ ಮತ್ತೆ ವಿಚಾರಿಸಿದರು. ಹೆಚ್ಚು ಹೊತ್ತು ಕಾದವರಿಗೆ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಬಂದಿತ್ತು. ಇಡೀ ಜಗತ್ತು ಹಿಡಿದುಕೊಂಡದ್ದು ಈ ಮಾತನ್ನೇ. ಆದರೆ ಆ ನಂಟು ಕಂಡದ್ದು ಹತ್ತಾರು ಮಕ್ಕಳಲ್ಲಿ ಮಾತ್ರ. ಅವರಲ್ಲೂ ಬಹಳಷ್ಟು ಜನ ವಿಶ್ವವಿದ್ಯಾಲಯದವರ ಮಕ್ಕಳು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು ಬೇರೆ ಬೇರೆ ಬಗೆಯ ಮನೆಗಳ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ತೆಗೆದು ನೋಡಿದಾಗ ನಂಟು ಅರ್ಧಕ್ಕೆ ಇಳಿಯಿತು. ಮನೆಯ ಹಿನ್ನೆಲೆ, ಮಗುವಿಗೆ ಮೊದಲೇ ಇದ್ದ ಬುದ್ಧಿಶಕ್ತಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ, ಉಳಿದಿದ್ದರಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯಿತು.

ನನಗೆ ತುಂಬಾ ಇಷ್ಟವಾದ ಅಧ್ಯಯನ ಇನ್ನೊಂದಿದೆ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ತಂಡದವರು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. ಮಕ್ಕಳು 28 ಜನ. ಮೊದಲು ಪ್ರತಿ ಮಗುವಿಗೂ ಬಳಸಿ ಹಳೆಯದಾದ ಕ್ರೇಯಾನ್ ಕೊಟ್ಟು, 'ಸ್ವಲ್ಪ ತಾಳು, ಇನ್ನೂ ಚೆನ್ನಾಗಿರೋದು ತರ್ತೀನಿ' ಅಂದರು. 14 ಮಕ್ಕಳಿಗೆ ಹೇಳಿದ ಹಾಗೇ ತಂದುಕೊಟ್ಟರು. ಉಳಿದ 14 ಮಕ್ಕಳ ಹತ್ತಿರ ಬರಿಗೈಲಿ ಬಂದು, 'ಇಲ್ಲ ಪುಟ್ಟಾ, ಖಾಲಿಯಾಗಿದೆ' ಅನ್ನುವ ಹಾಗೆ ಏನೋ ಹೇಳಿದರು. ಆಮೇಲೆ ಸ್ಟಿಕರ್‌ನಲ್ಲೂ ಅದೇ ಆಟ. ಇಷ್ಟಾದ ಮೇಲೆ ಮಾರ್ಷ್‌ಮ್ಯಾಲೊ ಮುಂದಿಟ್ಟರು. ಮಾತು ಉಳಿಸಿಕೊಂಡವರ ಹತ್ತಿರ ಮಕ್ಕಳು ಸರಾಸರಿ 12 ನಿಮಿಷ ಕಾದರು. ಅವರಲ್ಲಿ 9 ಮಕ್ಕಳು ಪೂರ್ತಿ 15 ನಿಮಿಷ ಕೂತರು. ಮಾತು ತಪ್ಪಿದವರ ಹತ್ತಿರ ಸರಾಸರಿ 3 ನಿಮಿಷ. ಕೊನೆತನಕ ಕೂತದ್ದು ಒಂದೇ ಒಂದು ಮಗು.

ಅಂದರೆ ತಕ್ಷಣ ತಿಂದ ಮಕ್ಕಳಿಗೆ ತಾಳ್ಮೆ ಇರಲಿಲ್ಲ ಅನ್ನೋಕೆ ಆಗಲ್ಲ. ಅವರು ಲೆಕ್ಕ ಹಾಕಿದ್ದರು. ಎರಡು ಸಲ ಮೋಸ ಹೋದ ಮೇಲೆ ಮೂರನೇ ಸಲ ನಾನಾದರೂ ಕೈಗೆ ಸಿಕ್ಕಿದ್ದನ್ನು ತಿಂದುಬಿಡ್ತೀನಿ. (ನಮ್ಮ ಕಥೆಯೂ ಅಷ್ಟೇ. ಫೀಲ್ಡಿನಲ್ಲಿ 'ಐದೇ ನಿಮಿಷ' ಅಂತ ಹೇಳಿ ಮಕ್ಕಳನ್ನು ಮುಕ್ಕಾಲು ಗಂಟೆ ಕೂರಿಸುತ್ತಿದ್ದೆವು. ಎರಡನೇ ಸಲ ಹೋದಾಗ ನಮ್ಮನ್ನು ಕಂಡ ಕೂಡಲೇ ಓಡಿಹೋಗುತ್ತಿದ್ದವು.) ನಿಮ್ಮ ಮಗ ಯಾಕೆ ತಿಂದ ಅಂತ ನಾನು ಹೇಳಲಾರೆ. ಹಸಿವಾಗಿರಬಹುದು. ನಾಲ್ಕು ವರ್ಷದವನು, ಅದೂ ಇರಬಹುದು.

ಪ್ರಶ್ನೆ: ದೊಡ್ಡವಳು (9 ವರ್ಷ) ಜವಾಬ್ದಾರಿ, ಚಿಕ್ಕವನು (5 ವರ್ಷ) ತುಂಟ. ಇದು ಹುಟ್ಟಿದ ಕ್ರಮದಿಂದಲೇ ಬರುವ ಗುಣವಂತೆ, ಹೌದಾ? (ಎರಡು ಮಕ್ಕಳ ಅಪ್ಪ)

ಇಲ್ಲ. 2015ರಲ್ಲಿ ಜೂಲಿಯಾ ರೋರರ್ ಮತ್ತು ಜೊತೆಗಾರರು ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ಜರಡಿ ಹಿಡಿದರು. ಮೊದಲು ಹುಟ್ಟಿದವರಿಗೆ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಚೂರು ಹೆಚ್ಚು ಅಂಕ ಬಂದಿತ್ತು. ಸ್ವಭಾವಕ್ಕೂ ಹುಟ್ಟಿದ ಕ್ರಮಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಮನೆಯಲ್ಲಿ ನೀವು ಹೋಲಿಸುತ್ತಿರುವುದು ಒಂಬತ್ತು ವರ್ಷದವಳನ್ನು ಐದು ವರ್ಷದವನ ಜೊತೆ. ಅವಳು ಯಾವಾಗ ನೋಡಿದರೂ ನಾಲ್ಕು ವರ್ಷ ದೊಡ್ಡವಳೇ, ಅಲ್ವಾ?

ಪ್ರಶ್ನೆ: ಮೊಬೈಲ್ ಬಂದು ಹರೆಯದವರ ಮನಸ್ಸು ಹಾಳಾಗಿದೆ ಎಂದು ಸಾಬೀತಾಗಿದೆ. ಇದನ್ನು ಸ್ವಲ್ಪ ಗಟ್ಟಿಯಾಗಿ ಬರೆಯಿರಿ, ಮೊಮ್ಮಗನಿಗೆ ಓದಿಸಬೇಕು. (ಒಬ್ಬ ತಾತ)

ಕ್ಷಮಿಸಿ, ಮೊಮ್ಮಗ ಓದಿದರೆ ನಿಮಗೇ ತೊಂದರೆ. ಏಮಿ ಓರ್ಬೆನ್, ಆಂಡ್ರ್ಯೂ ಶಿಬಿಲ್ಸ್ಕಿ ಎಂಬಿಬ್ಬರು 2019ರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹರೆಯದವರ ಮಾಹಿತಿ ನೋಡಿದರು. ಮನಸ್ಸಿನ ನೆಮ್ಮದಿಯಲ್ಲಿ ಒಬ್ಬರಿಂದೊಬ್ಬರಿಗೆ ಇರುವ ಏರುಪೇರಿನಲ್ಲಿ ಸ್ಕ್ರೀನ್ ಬಳಕೆ ವಿವರಿಸಬಲ್ಲದ್ದು ಹೆಚ್ಚೆಂದರೆ ಶೇ 0.4. ಅದೇ ಮಾಹಿತಿಯಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು ಇತ್ತು. ಕನ್ನಡಕ ಹಾಕುವುದಕ್ಕೆ ಇನ್ನೂ ಜಾಸ್ತಿ.

ಹಾಗಂತ ರಾತ್ರಿ ಎರಡು ಗಂಟೆ ತನಕ ನೋಡಲಿ ಅಂತಲ್ಲ. ನಿದ್ದೆ ಕೆಟ್ಟರೆ ಅದು ಬೇರೆ ವಿಷಯ. ಮತ್ತೆ ಆ ಶೇ 0.4 ಅನ್ನೋದು ಸರಾಸರಿ, ಎಲ್ಲರನ್ನೂ ಸೇರಿಸಿ ತೆಗೆದದ್ದು. ಫೋನ್‌ನಲ್ಲಿ ಯಾರೋ ಕಾಡುತ್ತಿರುವ ಒಬ್ಬ ಹುಡುಗಿಯ ಸಂಕಟ ಆ 0.4ರಲ್ಲಿ ಕಾಣುವುದಿಲ್ಲ. ಇನ್ನೊಂದು ವಿಷಯ ಇದೆ. ಬೇಜಾರಾದ ಹುಡುಗ ಮೊಬೈಲ್ ಹಿಡೀತಾನೋ, ಮೊಬೈಲ್ ಹಿಡಿದದ್ದಕ್ಕೆ ಬೇಜಾರಾಯಿತೋ? ಒಂದೇ ಸಲ ಫಾರಂ ತುಂಬಿಸಿಕೊಂಡು ಬಂದರೆ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಮೂರನೇ ಕ್ಲಾಸಿನ 60 ಮಕ್ಕಳನ್ನು 'ನಿನಗೆ ಸ್ಕೂಲ್ ಇಷ್ಟನಾ?' ಅಂತ ಕೇಳಿದೆ. ಅರವತ್ತಕ್ಕೆ ಅರವತ್ತೂ 'ಇಷ್ಟ' ಅಂದವು. ಗೈಡ್ ಬೈದರು. ತಪ್ಪು ಎಲ್ಲಾಯಿತು?

ನೀನು ಕೇಳುವಾಗ ಟೀಚರ್ ಎಲ್ಲಿದ್ದರು? ಅದನ್ನು ಬರೆದಿಲ್ಲ ನೀನು. ನನಗೆ ಉತ್ತರ ಗೊತ್ತು ಅಂದುಕೊಂಡಿದ್ದೇನೆ.

ದೊಡ್ಡವರು ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು ಅಂತ ಮಕ್ಕಳು ಬೇಗ ಕಲಿತುಬಿಡುತ್ತಾರೆ. 1980ರಲ್ಲಿ ಮಾರ್ಟಿನ್ ಹ್ಯೂಸ್, ರಾಬರ್ಟ್ ಗ್ರೀವ್ ಎಂಬಿಬ್ಬರು ಐದು ವರ್ಷದ, ಏಳು ವರ್ಷದ ಮಕ್ಕಳನ್ನು ಬೇಕಂತಲೇ ಅರ್ಥವಿಲ್ಲದ ಪ್ರಶ್ನೆ ಕೇಳಿದರು. 'ಹಾಲು ದೊಡ್ಡದಾ, ನೀರು ದೊಡ್ಡದಾ?' 'ಕೆಂಪು ಭಾರವಾ, ಹಳದಿ ಭಾರವಾ?' ನೀನೋ ನಾನೋ ಆಗಿದ್ದರೆ 'ಏನ್ರೀ ಕೇಳ್ತಿದ್ದೀರಾ' ಅಂತಿದ್ದೆವು. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಉತ್ತರ ಕೊಟ್ಟವು. ಎಷ್ಟೋ ಮಕ್ಕಳು ಕಾರಣವನ್ನೂ ಕೊಟ್ಟವು! ಇನ್ನು ನಿನ್ನ ಪ್ರಶ್ನೆಗಾದರೂ ಅರ್ಥ ಇತ್ತು, 'ಇಷ್ಟ' ಅಂತ ಯಾಕೆ ಹೇಳಲ್ಲ?

ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದೂ ಅಪಾಯ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಹೆಸರಿನ ಪ್ರಸಿದ್ಧ ಪರೀಕ್ಷೆಗಳು ಗೊತ್ತಲ್ಲ. ಎರಡು ಸಾಲು ಗುಂಡು ಜೋಡಿಸಿ 'ಎರಡೂ ಕಡೆ ಅಷ್ಟೇ ಇದ್ಯಾ?' ಅಂತ ಕೇಳ್ತಾರೆ. ಒಂದು ಸಾಲನ್ನು ಹಿಗ್ಗಿಸಿ ಮತ್ತೆ ಅದನ್ನೇ ಕೇಳ್ತಾರೆ. ಚಿಕ್ಕ ಮಕ್ಕಳು ಎರಡನೇ ಸಲ 'ಇದು ಜಾಸ್ತಿ' ಅಂತಾರೆ. ಸೂಸನ್ ರೋಸ್, ಮೇರಿಯನ್ ಬ್ಲಾಂಕ್ 1974ರಲ್ಲಿ ಮೊದಲ ಪ್ರಶ್ನೆಯನ್ನು ಬಿಟ್ಟು, ಹಿಗ್ಗಿಸಿದ ಮೇಲೆ ಒಂದೇ ಸಲ ಕೇಳಿದರು. ತಪ್ಪು ಉತ್ತರ ಕಡಿಮೆಯಾಯಿತು. ಮೇಷ್ಟ್ರು ಮತ್ತೆ ಅದನ್ನೇ ಕೇಳಿದರು ಅಂದರೆ ನಾನು ಮೊದಲು ಹೇಳಿದ್ದು ತಪ್ಪಿರಬೇಕು, ಮಕ್ಕಳ ಲೆಕ್ಕ ಅದು. ಇಂಟರ್‌ವ್ಯೂಗಳಲ್ಲಿ ನಾವು 'ಸರಿಯಾಗಿ ಯೋಚನೆ ಮಾಡಿ ಹೇಳು' ಅಂತ ಎಷ್ಟು ಸಲ ಅಂದಿದ್ದೇವೋ!

ಮತ್ತೆ ಹೋಗು. ಟೀಚರ್ ಕಣ್ಣಿಗೆ ಕಾಣುವಷ್ಟು ದೂರದಲ್ಲಿರಲಿ, ಕಿವಿಗೆ ಕೇಳುವಷ್ಟು ಹತ್ತಿರ ಬೇಡ. 'ಗೊತ್ತಿಲ್ಲ ಅಂದರೂ ಸರಿ, ನಿನ್ನ ಪ್ರಶ್ನೆ ಅರ್ಥ ಆಗಲಿಲ್ಲ ಅಂದರೂ ಸರಿ' ಅಂತ ಮೊದಲೇ ಹೇಳು. ಇಷ್ಟನಾ ಅಂತ ಕೇಳಬೇಡ. ನಿನ್ನೆ ಸ್ಕೂಲಲ್ಲಿ ಏನೇನಾಯ್ತು, ಬೆಲ್ ಹೊಡೆದಾಗ ಎಲ್ಲಿದ್ದೆ, ಯಾರ ಪಕ್ಕ ಕೂತಿದ್ದೆ, ಹೀಗೆ ಕೇಳು. ಅಪ್ಪ ಅಮ್ಮ ಸಹಿ ಹಾಕಿದ್ದಾರೆ ಅಂತ ಮಗು ಒಪ್ಪಿದ ಹಾಗಲ್ಲ. ಮಗುವನ್ನೂ ಕೇಳು, ಬೇಡ ಅಂದರೆ ಬಿಟ್ಟುಬಿಡು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ಬೆಲೆ ಕೊಡಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೇ ಹೇಳುತ್ತದೆ. ಮಗು ಬೇಡ ಅನ್ನೋದು ಬಾಯಲ್ಲೇ ಅಂತೇನಿಲ್ಲ. ಕಾಲು ಬಾಗಿಲ ಕಡೆ ತಿರುಗಿರುತ್ತೆ, ನೋಡು. 'ಯಾರಿಗೂ ಹೇಳಲ್ಲ' ಅಂತ ಮಾತ್ರ ಮಾತು ಕೊಡಬೇಡ. ಯಾರೋ ಹೊಡೀತಾರೆ, ಕಾಟ ಕೊಡ್ತಾರೆ ಅಂತ ಮಗು ಹೇಳಿದರೆ ನೀನು ಹೇಳಲೇಬೇಕಾಗುತ್ತೆ. ಅದನ್ನೂ ಮೊದಲೇ ಮಗುವಿಗೆ ತಿಳಿಸಬೇಕು.

ಪ್ರಶ್ನೆ: ಗಂಡನಿಂದ ಬೇರೆಯಾಗಿ ಎರಡು ವರ್ಷ. 'ಒಡೆದ ಮನೆಯ ಮಕ್ಕಳು ದಾರಿ ತಪ್ಪುತ್ತಾರೆ, ಅದು ಸಂಶೋಧನೆಯಿಂದ ಗೊತ್ತಾಗಿದೆ' ಅಂತ ಅಕ್ಕ ಹೇಳುತ್ತಾಳೆ. ಅವಳ ಬಾಯಿ ಮುಚ್ಚಿಸುವುದು ಹೇಗೆ?

ಅಕ್ಕನ ಬಾಯಿ ಮುಚ್ಚಿಸುವ ವಿದ್ಯೆ ನನಗೂ ಬರಲಿಲ್ಲ. ಅಂಕಿ ಮಾತ್ರ ಕೊಡಬಲ್ಲೆ. ಮೇವಿಸ್ ಹೆದರಿಂಗ್ಟನ್ ಎಂಬಾಕೆ ಅಮೆರಿಕದಲ್ಲಿ ಸುಮಾರು 1,400 ಸಂಸಾರಗಳನ್ನು ಗಮನಿಸುತ್ತಾ ಬಂದರು, ಕೆಲವನ್ನು ಸುಮಾರು ಮೂವತ್ತು ವರ್ಷ. ವಿಚ್ಛೇದನ ಆದ ಮನೆಯ ಮಕ್ಕಳಲ್ಲಿ ಶೇ 25ರಷ್ಟು ಜನಕ್ಕೆ ಮುಂದೆ ಗಂಭೀರ ತೊಂದರೆಗಳು ಕಾಣಿಸಿದವು. ಆಗದ ಮನೆಗಳಲ್ಲಿ ಶೇ 10.

ಇದನ್ನೇ ನಿಮ್ಮ ಅಕ್ಕ 'ಎರಡೂವರೆ ಪಟ್ಟು' ಅಂತ ಹೇಳಬಹುದು, ಸುಳ್ಳಲ್ಲ. ನೀವು 'ನಾಲ್ವರಲ್ಲಿ ಮೂವರು ಚೆನ್ನಾಗೇ ಇದ್ದಾರೆ' ಅನ್ನಬಹುದು, ಅದೂ ಸುಳ್ಳಲ್ಲ. ಪತ್ರಿಕೆಗೆ ತಲೆಬರಹ ಕೊಡುವವರು ಅಕ್ಕನ ಪಕ್ಷ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬೇರೆಯಾಗದೆ ದಿನಾ ಜಗಳ ಆಡ್ತಾ ಇದ್ದಿದ್ರೆ ಏನಾಗುತ್ತಿತ್ತು? ಪಾಲ್ ಅಮಾಟೊ ಮತ್ತು ಜೊತೆಗಾರರು 12 ವರ್ಷ ಹಿಂಬಾಲಿಸಿದ ಸಂಸಾರಗಳ ಮಾಹಿತಿಯನ್ನು 1995ರಲ್ಲಿ ಹೀಗೆ ಬಿಡಿಸಿ ನೋಡಿದರು. ಜಗಳ ಜೋರಾಗಿದ್ದ ಮನೆಗಳಲ್ಲಿ, ಅಪ್ಪ ಅಮ್ಮ ಬೇರೆಯಾದ ಮಕ್ಕಳೇ ಮುಂದೆ ಹೆಚ್ಚು ನೆಮ್ಮದಿಯಿಂದ ಇದ್ದರು. ಜಗಳವೇ ಕಾಣದ ಮನೆ ಇದ್ದಕ್ಕಿದ್ದಂತೆ ಒಡೆದಾಗ ಮಕ್ಕಳಿಗೆ ಪೆಟ್ಟು ಜಾಸ್ತಿ ಬಿದ್ದಿತ್ತು. ನಿಮ್ಮದು ಯಾವ ಬಗೆ ಅಂತ ನಿಮಗೆ ಗೊತ್ತು, ಅಕ್ಕನಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ.

ಇನ್ನೊಂದು. ಎಮ್ಮಿ ವರ್ನರ್, ರೂತ್ ಸ್ಮಿತ್ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದರು. ಬಡತನ, ಮನೆಯಲ್ಲಿ ಕುಡಿತ, ಕಾಯಿಲೆ, ಹೀಗೆ ಒಂದರ ಮೇಲೊಂದು ಕಷ್ಟ ಇದ್ದ ಮಕ್ಕಳಲ್ಲೂ ಮೂವರಲ್ಲೊಬ್ಬರು ಗಟ್ಟಿಯಾಗಿ ಬೆಳೆದು ನಿಂತರು. ಅಂಥವರಿಗೆ ತಮ್ಮವರು ಅಂತ ಹಿಡಿದುಕೊಳ್ಳಲು ಒಬ್ಬರಾದರೂ ದೊಡ್ಡವರಿದ್ದರು. ಅದು ತಾಯಿಯೇ ಆಗಿರಬೇಕು ಅಂತೇನಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಟೀಚರ್, ಯಾರೋ ಒಬ್ಬರು. ದೊಡ್ಡಮ್ಮನೂ ಆಗಬಹುದು, ಬಾಯಿ ಸ್ವಲ್ಪ ಜೋರಿದ್ದರೂ.

ಪ್ರಶ್ನೆ: ನಮ್ಮ ಮಗುವಿಗೆ ಎಂಟು ತಿಂಗಳು. ಒಂದು ತಂಡದವರು ಬಂದು, 20 ವರ್ಷ ಅದನ್ನು ಗಮನಿಸುತ್ತೇವೆ, ಒಪ್ಪಿಕೊಳ್ಳಿ ಅಂತ ಕೇಳುತ್ತಿದ್ದಾರೆ. ಇದರಿಂದ ನಮಗೇನು ಲಾಭ?

ನಿಮಗೆ ಲಾಭ ಏನೂ ಇಲ್ಲ. ಹಾಗೆ ಹೇಳದೆ ಆಸೆ ತೋರಿಸಿದರೆ ಆ ತಂಡವನ್ನು ಕಳಿಸಿಬಿಡಿ.

ಆದರೆ ಇಂಥ ದೀರ್ಘ ಅಧ್ಯಯನ ಇಲ್ಲದೆ ತಿಳಿಯದ ಸಂಗತಿಗಳು ಇವೆ. 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಮಕ್ಕಳಲ್ಲಿ 5,362 ಜನರನ್ನು ಜೇಮ್ಸ್ ಡಗ್ಲಸ್ ಎಂಬ ಡಾಕ್ಟರ್ ಹಿಂಬಾಲಿಸತೊಡಗಿದರು. ಬುದ್ಧಿ ಅಷ್ಟೇ ಇದ್ದರೂ ದುಡಿಯುವ ವರ್ಗದ ಮನೆಯ ಮಕ್ಕಳು ಓದಿನಲ್ಲಿ ಹೇಗೆ ಹಿಂದೆ ಬೀಳುತ್ತಾರೆ ಅಂತ ಅದು ತೋರಿಸಿಕೊಟ್ಟಿತು. ಆ ಕೂಸುಗಳು ಅಜ್ಜ ಅಜ್ಜಿ ಆದ ಮೇಲೂ ಅಧ್ಯಯನ ನಿಲ್ಲಲಿಲ್ಲ. ಅವರಿಗೆ ಹುಟ್ಟುಹಬ್ಬಕ್ಕೆ ಕಾರ್ಡ್ ಹೋಗುತ್ತಿತ್ತು. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಜನರ ಅಧ್ಯಯನದಲ್ಲಂತೂ, 45ನೇ ವಯಸ್ಸಿನಲ್ಲೂ ಬದುಕಿರುವವರ ಪೈಕಿ ಶೇ 94ರಷ್ಟು ಮಂದಿ ಬಂದು ಕೂತರು. ಬೇರೆ ದೇಶ ಸೇರಿದವರಿಗೆ ವಿಮಾನದ ಟಿಕೆಟ್ ಕೊಟ್ಟು ಕರೆಸುತ್ತಾರೆ. 'ಮನೆ ಬದಲಾಯಿಸಿದ್ದಾರೆ, ಸಿಗಲಿಲ್ಲ' ಅಂತ ಫಾರಂ ಮೇಲೆ ಬರೆದು ಬಂದ ನನಗೆ ಈ ಸಂಖ್ಯೆ ಓದಿದಾಗ ನಾಚಿಕೆಯಾಯಿತು. 2002ರಿಂದ ಇಥಿಯೋಪಿಯಾ, ಭಾರತ, ಪೆರು, ವಿಯೆಟ್ನಾಂಗಳಲ್ಲಿ 12,000 ಮಕ್ಕಳನ್ನು ಹಿಂಬಾಲಿಸಿದ 'ಯಂಗ್ ಲೈವ್ಸ್' ಕೂಡ ಇದೇ ಜಾತಿಯದು.

ಒಪ್ಪುವ ಮುಂಚೆ ನಾಲ್ಕು ಮಾತು ಕೇಳಿ. ಹೆಸರು, ವಿಳಾಸವನ್ನು ಉತ್ತರಗಳಿಂದ ಬೇರೆ ಇಡ್ತೀರಾ? ಮಾಹಿತಿಯನ್ನು ಮುಂದೆ ಬೇರೆಯವರಿಗೆ ಕೊಡ್ತೀರಾ? ಮಧ್ಯದಲ್ಲಿ ಬೇಡ ಅನಿಸಿದರೆ ಕಾರಣ ಹೇಳದೆ ಬಿಡಬಹುದಾ? ಮಗು ತಿಳಿವಳಿಕೆ ಬಂದ ಮೇಲೆ ತಾನೇ ಬೇಡ ಅಂದರೆ? ಕೊನೆಯದಕ್ಕೆ ಅವರು ತಡವರಿಸಿದರೆ ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ.

ಪ್ರಶ್ನೆ: ಈಗಿನ ಮಕ್ಕಳು ನಮ್ಮ ಹಾಗಲ್ಲ, ಯಾಕೆ?

ನೀವೂ ನಿಮ್ಮ ಅಪ್ಪನ ಹಾಗಿರಲಿಲ್ಲವಲ್ಲ. ಕಾಲ ಬದಲಾದದ್ದು ಯಾವ ವಯಸ್ಸಿನಲ್ಲಿ ತಾಗಿತು ಅನ್ನುವುದೂ ಮುಖ್ಯ. 1930ರ ದಶಕದ ಆರ್ಥಿಕ ಮಹಾಕುಸಿತ ಕಂಡ ಅಮೆರಿಕದ ಎರಡು ಗುಂಪಿನ ಮಕ್ಕಳನ್ನು ಗ್ಲೆನ್ ಎಲ್ಡರ್ ಹೋಲಿಸಿ ನೋಡಿದರು. 1920–21ರಲ್ಲಿ ಹುಟ್ಟಿದವರು ಆಗ ಕೈಗೆ ಬಂದ ಮಕ್ಕಳು. ಹೊರಗೆ ದುಡಿದರು, ಮನೆ ನೋಡಿಕೊಂಡರು, ಬೇಕಾದವರಾಗಿ ಬೆಳೆದರು. 1928–29ರಲ್ಲಿ ಹುಟ್ಟಿದವರು ಇನ್ನೂ ಎಳೆಯರು, ಅದರಲ್ಲೂ ಗಂಡುಮಕ್ಕಳು ಹೆಚ್ಚು ಬಳಲಿದರು. ಕಷ್ಟ ಒಂದೇ, ನಡುವೆ ಎಂಟು ವರ್ಷದ ಅಂತರ ಅಷ್ಟೇ.

ಪ್ರಶ್ನೆ: ಇಷ್ಟು ವರ್ಷದಲ್ಲಿ ನೀವು ಬರೆದುಕೊಂಡದ್ದೆಲ್ಲ ಸರಿಯಾಗಿತ್ತಾ? (ಸುಮ್ನೆ ಕೇಳಿದೆ, ಬೇಜಾರಾಗಬೇಡಿ)

ಬೇಜಾರಿಲ್ಲ. ಸರಿಯಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತು. ಮಕ್ಕಳು ದಿನ ಹೇಗೆ ಕಳೆಯುತ್ತಾರೆ ಅನ್ನುವ ಸರ್ವೆ. ಒಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಕಂಕುಳಲ್ಲಿ ತಮ್ಮ. ವರ್ಷ ತುಂಬಿರಲಿಲ್ಲ ಅನಿಸುತ್ತೆ, ನನ್ನ ಪೆನ್ನಿನ ಕ್ಯಾಪ್ ಕಿತ್ತುಕೊಂಡು ಚೀಪುತ್ತಿದ್ದ.

'ನಿನ್ನೆ ಏನಾದ್ರೂ ಕೆಲಸ ಮಾಡಿದ್ಯಾ?'

'ಇಲ್ಲ.'

'ಮತ್ತೆ ಏನ್ ಮಾಡ್ತಿದ್ದೆ?'

'ಸುಮ್ನೆ ಇದ್ದೆ.'

ಕೆಲಸದ ಕಾಲಂನಲ್ಲಿ ಸೊನ್ನೆ ಬರೆದೆ. ಮಧ್ಯದಲ್ಲಿ ಕೂಸು ಒದ್ದೆ ಮಾಡಿಕೊಂಡಿತು. ಅವಳು ಎದ್ದು ಒಳಗೆ ಹೋಗಿ, ತೊಳೆದು, ಒರೆಸಿ, ಬಟ್ಟೆ ಬದಲಾಯಿಸಿ, ಇನ್ನೊಂದು ಕಂಕುಳಿಗೆ ಏರಿಸಿಕೊಂಡು ವಾಪಸ್ ಬಂದಳು. ನಮ್ಮ ಫಾರಂ ಕೊನೆಯಲ್ಲಿ 'ಸಂದರ್ಶನಕ್ಕೆ ಅಡಚಣೆ' ಅಂತ ಒಂದು ಸಾಲಿತ್ತು. ಅಲ್ಲಿ 12 ನಿಮಿಷ ಅಂತ ಬರೆದೆ. ಸಂಜೆ ಸೂಪರ್‌ವೈಸರ್ ಕೇಳಿದರು, 'ಈ 12 ನಿಮಿಷ ಏನು?' ಹೇಳಿದೆ. ಅವರು ತಲೆಯಾಡಿಸಿ ಸಹಿ ಹಾಕಿದರು. ಇಬ್ಬರಿಗೂ ಹೊಳೆಯಲಿಲ್ಲ.

ತಿಂಗಳುಗಳು ಕಳೆದು ಟೇಬಲ್ ಬಂತು. ಆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ಕೆಲಸವನ್ನೇ ಮಾಡುವುದಿಲ್ಲ ಅಂತ ಅದರಲ್ಲಿತ್ತು. ಆಗ ಪೆನ್ನಿನ ಕ್ಯಾಪ್ ನೆನಪಾಯಿತು. ಈ ತಪ್ಪು ನನ್ನೊಬ್ಬಳದ್ದೇ ಆಗಿರಲಿಲ್ಲ. ಲೆಕ್ಕಕ್ಕೆ ಬರುತ್ತಿದ್ದ ಕೆಲಸವೇ ಬೇರೆ ಬಗೆಯದು. ಕಾರ್ಮಿಕ ಅಂಕಿಅಂಶ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಮನೆಯೊಳಗಿನ ಸಂಬಳವಿಲ್ಲದ ದುಡಿತವನ್ನೂ ಮಕ್ಕಳ ದುಡಿಮೆಯ ಲೆಕ್ಕದಲ್ಲಿ ಹಿಡಿಯಲು ದಾರಿ ಮಾಡಿಕೊಟ್ಟದ್ದು 2008ರಲ್ಲಿ. ನನ್ನ ಆ ಸೊನ್ನೆ ಈಗಲೂ ಎಲ್ಲೋ ಒಂದು ಸರಾಸರಿಯ ಒಳಗೆ ಕೂತಿದೆ.

ಆಮೇಲಿನ ಸರ್ವೆಗಳಲ್ಲಿ ಕೆಲಸ ಅನ್ನುವ ಮಾತನ್ನೇ ಬಿಟ್ಟೆವು. ಬೆಳಿಗ್ಗೆ ಎದ್ದಾಗಿನಿಂದ ಗಂಟೆ ಗಂಟೆಗೂ ಎಲ್ಲಿದ್ದೆ, ಜೊತೆಗೆ ಯಾರಿದ್ದರು ಅಂತ ಕೇಳುತ್ತಾ ಹೋಗುವುದು. ಇನ್ನೊಬ್ಬ ಹುಡುಗಿ, ಇನ್ನೊಂದು ಮನೆ. ಏಳು ಗಂಟೆಗೆ? ತಮ್ಮ. ಎಂಟಕ್ಕೆ? ತಮ್ಮ. ಒಂಬತ್ತಕ್ಕೂ ತಮ್ಮ. ಹತ್ತಕ್ಕೆ?

'ಅವನು ಮಲಗಿದ್ದ. ನಾನು ಆಡ್ತಿದ್ದೆ.'

'ಎಷ್ಟು ಹೊತ್ತು?'

'ಅವನು ಏಳೋ ತನಕ.'